ಕೇಳದೆ ಅಳಿಸದವರು

ಗುರುವಾರ ಮಧ್ಯಾಹ್ನ ಊಟವಾದೊಡನೆ ಮುಕುಂದ ಟೋಕೇಕರರು ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು, ನಡುವಿನ ಗುಂಡಿ ಕಿತ್ತುಹೋದ ಕಂದು ಸ್ವೆಟರಿನ ಜೇಬಿನಿಂದ ಚೀಟಿಯೊಂದನ್ನು ತೆಗೆದು, ಪುಣೆಯ ನಮ್ಮ ಕಚೇರಿಯ ಮೇಜುಮೇಜಿಗೂ ಬರಿಗಾಲಿನಲ್ಲಿ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇದು ಬೇಕಾ?"

ಬಸ್ಸಿನ ಆಸನ ಕಾದಿರಿಸುವ ಸಾಫ್ಟ್‌ವೇರು ನಮ್ಮದು. ಅದರ ಮೂಲ ಪ್ರತಿಯಿಂದ ಒಬ್ಬೊಬ್ಬರೂ ತಂತಮ್ಮ ಪ್ರಯೋಗಕ್ಕೊಂದು ಬ್ರಾಂಚು, ಎಂದರೆ ಕವಲು ಪ್ರತಿ, ಒಡೆದುಕೊಳ್ಳುತ್ತೇವೆ. ಕೆಲಸ ಕೈಗೂಡಿದರೆ ಮೂಲಕ್ಕೆ ಸೇರಿಸುತ್ತೇವೆ, ಕೆಟ್ಟರೆ ಹಾಗೇ ಬಿಟ್ಟು ಮರೆಯುತ್ತೇವೆ. ಹೀಗೆ ಮುರಿದುಬಿದ್ದ ಬ್ರಾಂಚುಗಳನ್ನು ಗುಡಿಸುವ ಹೊಣೆಯನ್ನು ಯಾರೂ ಒಪ್ಪಿಸದೆ ಅವರೇ ಹೊತ್ತುಕೊಂಡಿದ್ದರು. ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಆದರೂ ಮಾಡಿದವನ ಬಾಯಿಂದಲೇ 'ಬೇಡ' ಎಂದು ಕೇಳದೆ ಕೈ ಹಾಕಿದವರಲ್ಲ. ಕೆಲಸ ಬಿಟ್ಟುಹೋದವರಿಗೂ ಫೋನು ಮಾಡುತ್ತಿದ್ದರು. ಒಬ್ಬಾಕೆ ತನ್ನ ಸೀಮಂತದ ನಡುವೆಯೇ ಫೋನೆತ್ತಿ, "ಕಾಕಾ, ಇಲ್ಲಿ ಆರತಿ ಎತ್ತಿದಾರೆ! ಬೇಡ, ಬೇಡ, ಅಳಿಸಿಬಿಡಿ" ಎಂದು ಕೂಗಿದ್ದಳಂತೆ.

"ಬಂದ್ರಪ್ಪಾ ಚಿತ್ರಗುಪ್ತರು" ಎಂದು ನಾವು ಛೇಡಿಸಿದರೆ, "ಹೌದಾ, ಹೌದಾ" ಎಂದು ಎರಡು ಸಲ ಹೇಳಿ, ನಗದೆ ಮುಂದಿನ ಮೇಜಿಗೆ ಸರಿಯುತ್ತಿದ್ದರು.

ಅವರ ಚೀಟಿಯಲ್ಲಿ ಒಂದು ಹೆಸರು ಮಾತ್ರ ಎಂಟು ವರ್ಷಗಳಿಂದ ಹಾಗೇ ಉಳಿದಿತ್ತು. ಶ್ರೀಪಾದ ಘೈಸಾಸ್: ಒಂದೇ ಡಬ್ಬಿಯಲ್ಲಿ ಉಂಡ ಗೆಳೆಯ. ಆಗ ಹೊಸ ಆವೃತ್ತಿ ಹೊರಡುವ ದಿನ ಘೈಸಾಸರ ಬ್ರಾಂಚನ್ನು ಮೂಲಕ್ಕೆ ಸೇರಿಸಿದೊಡನೆ ಎಲ್ಲವೂ ನಿಂತುಹೋಯಿತು. "ಇದು ಕಸ, ತೆಗೀರಿ ಆಚೆ" ಎಂದು ಟೋಕೇಕರರು ಹತ್ತು ಜನರ ಮುಂದೆ ಅಂದುಬಿಟ್ಟರು. ಘೈಸಾಸ್ ಎದ್ದುಹೋದವರು ಮತ್ತೆ ಬರಲಿಲ್ಲ. ಬರಿಗಾಲಿನ ಈ ಗುರುವಾರಗಳು ಶುರುವಾದದ್ದು ಅದರ ಮರುವಾರ. ಆ ಬ್ರಾಂಚನ್ನು ಅವರು ಅಳಿಸಲೂ ಇಲ್ಲ, ತೆರೆಯಲೂ ಇಲ್ಲ. ತೆರೆದರೆ ಏನು ಕಂಡೀತೋ ಎಂಬ ಅಳುಕು ಅವರಿಗಿತ್ತೆಂದು ಪಕ್ಕದ ಮೇಜಿನ ನನಗೆ ಗೊತ್ತಿತ್ತು.

ಈ ಮಾಘದಲ್ಲಿ ಹಳೆಯ ಸರ್ವರನ್ನು ಮುಚ್ಚುವುದೆಂದಾಯಿತು. ನಮ್ಮ ಮೇಲಧಿಕಾರಿ ಕೇತಕಿ ಬಾಪಟ್ ಬಂದು, "ಕಾಕಾ, ಮುರಿದದ್ದು ಯಾವುದೂ ಹೊಸದಕ್ಕೆ ಬರೋ ಹಾಗಿಲ್ಲ. ಸೋಮವಾರ ಎಲ್ಲಾ ಅಳಿಸಿಹೋಗ್ತದೆ. ಅದೊಂದನ್ನೂ ಮುಗಿಸಿಬಿಡಿ" ಎಂದಳು. ಸೋಮವಾರ ಕಳೆದರೆ ಗೆಳೆಯನ ಕೆಲಸವೂ ಇಲ್ಲ, ಕೇಳಲು ನೆಪವೂ ಇಲ್ಲ. ಟೋಕೇಕರರು ಸ್ವೆಟರಿನ ಗುಂಡಿಯಿಲ್ಲದ ಜಾಗವನ್ನು ತಡವಿಕೊಂಡರು. ಆಮೇಲೆ ಫೋನೆತ್ತಿಕೊಂಡರು.

"ಶ್ರೀಪಾದ, ನಾನು ಮುಕುಂದ. ನಿನ್ನದೊಂದು ಬ್ರಾಂಚು ಇಲ್ಲಿ ಬಿದ್ದಿದೆ. ಬೇಕಾ?"

ಆ ಕಡೆಯ ಧ್ವನಿ ನನಗೂ ಕೇಳುವಷ್ಟು ದೊಡ್ಡದಾಗಿತ್ತು. "ಎಂಟು ವರ್ಷ ಬೇಕಾಯ್ತೇನೋ ಇಷ್ಟು ಕೇಳೋಕೆ? ಬೇಕು. ಶನಿವಾರ ಬರ್ತೀನಿ, ಮಿಸಳ್ ತರಿಸಿಟ್ಟಿರು."

ಶನಿವಾರ ಬೆಳಗ್ಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂತರು, ಮಿಸಳ್ ತಣ್ಣಗಾಯಿತು. ಘೈಸಾಸರ ಬರಹದಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಅದು ಮೂಲದಲ್ಲಿದ್ದ ಒಂದು ಹಳೆಯ ಭಾಗವನ್ನು ಆಧರಿಸಿತ್ತು. ಆ ಭಾಗವನ್ನು ಎಂಟು ವರ್ಷದ ಹಿಂದೆ ಆವೃತ್ತಿ ಹೊರಡಬೇಕಿದ್ದ ದಿನವೇ ಬೆಳಗ್ಗೆ, ಯಾರಿಗೂ ಬೇಡವೆಂದು ತಾವೇ ಊಹಿಸಿಕೊಂಡು, ಒಬ್ಬರು ಅಳಿಸಿದ್ದರು. ಅಳಿಸಿದವರ ಹೆಸರು ಪರದೆಯ ಮೇಲೆ ದಿನಾಂಕದ ಸಮೇತ ಇತ್ತು: ಮುಕುಂದ ಟೋಕೇಕರ್.

"ಮುರಿದವನು ನಾನು" ಎಂದರು ಟೋಕೇಕರರು. "ನಿನಗೆ ಗೊತ್ತಿತ್ತಾ?"

"ಆ ಮಧ್ಯಾಹ್ನವೇ ಗೊತ್ತಾಯ್ತು."

"ಮತ್ತೆ ಹೇಳಬಾರದಿತ್ತೇನೋ, ಮಾರಾಯ?"

"ನೀನು ಕೇಳ್ಲಿಲ್ಲವಲ್ಲೋ."

ಟೋಕೇಕರರು ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿದರು, ಮತ್ತೂ ಒರೆಸಿದರು. ಆಮೇಲೆ ಜೇಬಿನ ಚೀಟಿ ತೆಗೆದು ಗೆಳೆಯನ ಮುಂದಿಟ್ಟು, "ಈಗ ಹೇಳು. ಬೇಕಾ?" ಎಂದರು.

"ಈಗ ಬೇಡ. ಅಳಿಸು. ಮಿಸಳ್ ಬಿಸಿ ಮಾಡಿಸು" ಎಂದರು ಘೈಸಾಸ್.

ಪರರ ಮುರುಕನ್ನು ಇಷ್ಟು ವಿನಯದಿಂದ ಗುಡಿಸುವವರನ್ನು ಕಂಡಾಗ ನಾವು ಅದನ್ನು ಹುಟ್ಟುಗುಣವೆಂದು ಹೊಗಳಿ ಸುಮ್ಮನಾಗುತ್ತೇವೆ. ಅಂಥ ಅನೇಕರ ಬದುಕಿನಲ್ಲಿ, ಕೇಳಬೇಕಾದವನನ್ನು ಕೇಳದೆ ಹೋದ ಒಂದು ದಿನ ಇರುತ್ತದೆ. ಆಮೇಲೆ ಅದೇ ಪ್ರಶ್ನೆಯನ್ನು ಸಿಕ್ಕಸಿಕ್ಕವರಿಗೆಲ್ಲ ಕೇಳುತ್ತ ಅವರು ಆಯುಷ್ಯ ಸವೆಸುತ್ತಾರೆ. ಕೇಳಬೇಕಾದವನೇ ಕೊನೆಗೊಮ್ಮೆ ಎದುರು ಬಂದು ಕೂತದ್ದು ಟೋಕೇಕರರ ಪುಣ್ಯ.