ನದಿಯ ಕಡೆಯ ಕಿಟಕಿಗಳು

ರೊಟ್ಟಿ ಮುರಿಯುವ ಮೊದಲೇ ಹೇಳಿಬಿಡಬೇಕು. ಒಮ್ಮೆ ಈ ವಿದ್ಯುತ್ ಮನೆಯವರ ಅನ್ನ ಹೊಟ್ಟೆಗೆ ಹೋಯಿತೋ, ಆಮೇಲೆ ಇವರಿಗೆ ಎದುರಾಡುವ ನಾಲಿಗೆ ತನಗಿಲ್ಲವೆಂಬುದು ನೋಸಿರ್‌ಗೆ ಚೆನ್ನಾಗಿ ಗೊತ್ತಿತ್ತು.

ಕಿಟಕಿಗಳನ್ನು ಮುಚ್ಚಕೂಡದು. ಇಷ್ಟೇ ಮಾತು. ರಾಜಧಾನಿ ದುಶಾಂಬೆಯಿಂದ ಬರುವ ದಾರಿಯುದ್ದಕ್ಕೂ ಅದನ್ನೇ ಉರುಹೊಡೆದಿದ್ದ. ಬೆಳಿಗ್ಗೆ ಹೆಂಡತಿ ಮಹೀನ್ ನಕ್ಕಿದ್ದಳು: "ನೀವು? ಕೊಟ್ಟ ಚಹಾನೇ ಬೇಡ ಅನ್ನಕ್ಕಾಗಲ್ಲ ನಿಮ್ಗೆ."

ಹಳೆಯ ಕಟ್ಟಡಗಳ ಇಲಾಖೆಯಲ್ಲಿ ವಾಸ್ತುಶಿಲ್ಪಿ ಅವನು. ನದಿ ದಂಡೆಯ ಇದೇ ಹಳೆಯ ಜಲವಿದ್ಯುತ್ ಮನೆಯ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಗಿಟ್ಟಿಸಿದ್ದ. ಅವನು ಬೇಡವೆಂದರೆ ಕೆಲಸ ನಿಲ್ಲಲೇಬೇಕು. ಅಷ್ಟು ಅಧಿಕಾರ ಅವನಿಗಿತ್ತು.

ಯಂತ್ರಶಾಲೆಯ ನಡುವೆ ನಿಂತು ತಲೆಯೆತ್ತಿದ. ನದಿಯ ಕಡೆ ಗೋಡೆಯೇ ಇಲ್ಲವೆನ್ನುವಂತೆ ನೆಲದಿಂದ ಸೂರಿನವರೆಗೂ ಕಮಾನು ಕಿಟಕಿಗಳು. ಕಮಾನಿನ ನೆತ್ತಿಯಲ್ಲಿ ಗಾರೆಯ ದ್ರಾಕ್ಷಿ ಗೊಂಚಲು, ಬಿರಿದ ಹತ್ತಿಕಾಯಿ. ನೀರಿನ ಮೇಲೆ ಬಿದ್ದ ಬಿಸಿಲು ಛಾವಣಿಗೆ ಹಾರಿ ಕುಣಿಯುತ್ತಿತ್ತು. ಯಂತ್ರ ನೋಡಿಕೊಳ್ಳುವವನೂ ನದಿಯನ್ನು ಕಾಣಬೇಕೆಂಬ ಹುಚ್ಚು, ಇದನ್ನು ಕಟ್ಟಿದವನಿಗೆ. ಮನುಷ್ಯರ ಮೇಲೆ ಬಾರದ ಪ್ರೀತಿ ನೋಸಿರ್‌ಗೆ ಆ ಹುಚ್ಚಿನ ಮೇಲೆ ಬಂದಿತ್ತು.

ಹೊರಗೆ, ಕಿಟಕಿಗಳ ಮೇಲೆ ತಗಡು ಹೊಡೆಯಲು ಚೌಕಟ್ಟು ಆಗಲೇ ನಿಂತಿತ್ತು. ಪಕ್ಕದಲ್ಲಿ ನೀಲಿ ತಗಡುಗಳ ರಾಶಿ. ಮುಂದಿನ ವಾರ ಎದುರು ದಂಡೆಯ ರಸ್ತೆಯಲ್ಲಿ ದೊಡ್ಡವರ ಕಾರುಗಳು ಹೋಗಲಿವೆ. ಅವರ ಕಣ್ಣಿಗೆ ಕಟ್ಟಡ ಹೊಸದಾಗಿ ಕಾಣಬೇಕಂತೆ.

"ಬನ್ನಿ ಮೇಷ್ಟ್ರೇ!" ವಿದ್ಯುತ್ ಮನೆಯ ಮುಖ್ಯಸ್ಥ ಸೈಫುದ್ದೀನ್ ಎದೆಯ ಮೇಲೆ ಕೈಯಿಟ್ಟು ಬಾಗಿದ; ಓದಿದವರೆಲ್ಲ ಅವನಿಗೆ ಮೇಷ್ಟ್ರೇ. "ಮನೇಲಿ ಎಲ್ರೂ ಚೆನ್ನಾಗಿದಾರಾ?"

"ಸೈಫುದ್ದೀನ್ ಅಕಾ," ಹಿರಿಯಣ್ಣನನ್ನು ಕರೆಯುವಂತೆ ಕರೆದ ನೋಸಿರ್, "ಈ ಕಿಟಕಿ ವಿಷಯ..."

"ಕಿಟಕಿ ಎಲ್ಲಿಗೆ ಓಡ್ಹೋಗುತ್ತೆ? ನಿಮಗೋಸ್ಕರ ಕುರಿ ಕುಯ್ಸಿದೀನಿ. ಮೊದ್ಲು ಊಟ."

"ಊಟಕ್ಕೆ ಮೊದ್ಲೇ ಒಂದ್ಮಾತು."

"ಹಸ್ಕೊಂಡ್ ಬಂದೋರ ಹತ್ರ ಕೆಲ್ಸದ ಮಾತಾಡಿದೆ ಅಂತ ಗೊತ್ತಾದ್ರೆ ನನ್ ಹೆಂಡ್ತಿ ಮನೆಗೆ ಸೇರಿಸ್ತಾಳಾ?"

ಯಂತ್ರಗಳ ಪಕ್ಕದಲ್ಲೇ ಊಟದ ಬಟ್ಟೆ ಹಾಸಿದ್ದರು. ಕೆಲಸಗಾರರು ಸುತ್ತ ಕೂತರು. ನೋಸಿರ್‌ನನ್ನು ಬಾಗಿಲಿನಿಂದ ದೂರದ, ಮರ್ಯಾದೆಯ ಜಾಗದಲ್ಲಿ ಕೂರಿಸಿದರು. ಕಿಟಕಿಗಳಿಗೆ ಬೆನ್ನಾಯಿತು. ಅತಿಥಿಯೇ ಮೊದಲು ಮುರಿಯಲೆಂದು ರೊಟ್ಟಿ ಅವನ ಕೈಗೆ ಬಂತು. ಮುರಿಯದೆ ಹಿಡಿದು ಕೂತ. ಎಲ್ಲರೂ ಕಾದರು. ಮುದುಕನೊಬ್ಬನ ಹೊಟ್ಟೆ ಗುರ್ ಎಂದಿತು.

ಮುರಿದ.

ಒಂದೇ ಹರಿವಾಣಕ್ಕೆ ಎಲ್ಲರೂ ಕೈಹಾಕಿದರು. ಪಲಾವು ರುಚಿಯಾಗಿತ್ತು, ಅದಕ್ಕೂ ಅವನಿಗೆ ಸಿಟ್ಟು ಬಂತು. ಚಹಾ ಬರಲಿ, ಆಗ ಹೇಳೋಣ ಎಂದುಕೊಂಡ. ಚಹಾ ಬಂತು. ಬಟ್ಟಲು ಖಾಲಿಯಾಗಲಿ ಎಂದುಕೊಂಡ. ಖಾಲಿಯಾಗುವುದಕ್ಕೆ ಯಾರೂ ಬಿಡಲಿಲ್ಲ.

"ಓದಿದೋರು ನೀವು," ಸೈಫುದ್ದೀನ್ ಅಂದ. "ದುವಾ ನೀವೇ ಮಾಡ್ಬೇಕು."

ಊಟ ಮುಗಿಸುವ ಪ್ರಾರ್ಥನೆ ಅದು. ಕೆಲಸಕ್ಕೆ ಹರಸಿ ಶುರುಮಾಡಿಸುವ ದುವಾ ಕೂಡ ಅದೇ. ನೋಸಿರ್‌ಗೆ ಗೊತ್ತಿತ್ತು. ಆದರೆ ಅಷ್ಟೊಂದು ಅಂಗೈಗಳು ತನಗಾಗಿ ತೆರೆದು ಕಾಯುತ್ತಿರುವಾಗ ತನ್ನವೆರಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವುದಾದರೂ ಹೇಗೆ?

ಎತ್ತಿದ. ಏನೋ ಗೊಣಗಿದ. "ಆಮೀನ್" ಎಂದು ಮುಖ ಸವರಿಕೊಂಡ. ಎಲ್ಲರೂ ಸವರಿಕೊಂಡು ಎದ್ದು ಹೊರಗೆ ಹೋದರು.

ಸುತ್ತಿಗೆಯ ಮೊದಲ ಏಟು ಕೇಳಿಸಿತು.

"ಅಕಾ, ನಾನು ಒಪ್ಪಿಗೆ ಕೊಟ್ಟಿಲ್ಲ."

ಸೈಫುದ್ದೀನ್‌ಗೆ ನಿಜಕ್ಕೂ ಅರ್ಥವಾಗಲಿಲ್ಲ. "ಈಗ್ತಾನೆ ದುವಾ ಮಾಡಿದ್ರಲ್ಲ ಮೇಷ್ಟ್ರೇ?"

ಆ ಕಣ್ಣುಗಳಲ್ಲಿ ಮೋಸವಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಜಗಳವಾಡಬಹುದಿತ್ತು.

"ಹೌದು," ಎಂದ ನೋಸಿರ್. "ಮಾಡಿದೆ."

ಒಂದೊಂದೇ ಕಿಟಕಿಗೆ ತಗಡು ಏರಿತು. ನೆಲದ ಮೇಲಿನ ಬಿಸಿಲಿನ ಕಮಾನುಗಳು ಒಂದೊಂದಾಗಿ ಅಳಿದವು. ಛಾವಣಿಯ ಬೆಳಕು ಮೂಲೆಗೆ ಸರಿದು, ಅಲ್ಲಿ ಸ್ವಲ್ಪ ಹೊತ್ತು ನಡುಗಿ, ಹೋಯಿತು. ಉಳಿದದ್ದು ಯಂತ್ರಗಳ ಗುಂಯ್ ಶಬ್ದ, ತಗಡಿನಾಚೆ ನದಿಯ ಸದ್ದು.

"ದೀಪ ಹಾಕ್ರೋ! ಮೇಷ್ಟ್ರು ಕತ್ತಲಲ್ಲಿದಾರೆ!" ಸೈಫುದ್ದೀನ್ ಕೂಗಿದ.

ಹೊರಗೆ ಇನ್ನೂ ಹಗಲು. ಒಳಗೆ ದೀಪ ಹತ್ತಿತು.

"ನೋಡಿ," ಸೈಫುದ್ದೀನ್ ಹೆಮ್ಮೆಯಿಂದ ಅಂದ, "ನಮ್ದೇ ಕರೆಂಟು."

ನೋಸಿರ್ ಕೆನ್ನೆ ಮುಟ್ಟಿಕೊಂಡ. ದುವಾ ಮಾಡಿದ ಕೈಯಿಂದ ಹತ್ತಿದ ಕುರಿಯ ಕೊಬ್ಬು ಅಲ್ಲಿ ಹೆಪ್ಪುಗಟ್ಟಿತ್ತು. ಉಜ್ಜಿದ. ಉಜ್ಜಿದಷ್ಟೂ ಅದು ಮುಖಕ್ಕೆಲ್ಲ ಹರಡಿ, ಆ ದೀಪದಲ್ಲಿ ಮಿನುಗತೊಡಗಿತು.