ವೆಲ್ಡರ್‌ನ ಕಣ್ಣಿಗೆ ಏನೂ ಆಗಿಲ್ಲ

ಗಂಡಸರಿಗೆ ಬರಬಾರದ ಕಾಯಿಲೆ ಒಂದಿದೆ ಎಂದು ಆ ಬೀದಿಯಲ್ಲಿ ಎಲ್ಲರೂ ನಂಬಿದ್ದರು. ಅದಕ್ಕೇ, ವೆಲ್ಡರ್‌ಗೆ ಅದು ಬಂದಾಗ ಮನೆಯವರು ಬೇರೆ ಹೆಸರಿಟ್ಟರು.

ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗಳು ಹೆಗಲೇರಿದರೂ ನಗು ಬರುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಅಂಗಿಯ ಒಂದೇ ತೋಳು ತೊಟ್ಟು ಕುಳಿತವನು ಮಧ್ಯಾಹ್ನವಾದರೂ ಎದ್ದಿರಲಿಲ್ಲ. ಹೆಂಡತಿ ಯಾರ ಮಾತಿಗೂ ಕಾಯದೆ ಮನೋವೈದ್ಯರ ಬಳಿ ಕರೆದೊಯ್ದಳು. ಖಿನ್ನತೆ ಎಂದರು ವೈದ್ಯರು. ಮಾತಾಡಿಸಿದರು, ಮಾತ್ರೆ ಕೊಟ್ಟರು, ಮತ್ತೆ ಬರಹೇಳಿದರು.

"ಹೊರಗೆ ಬಾಯಿ ಬಿಟ್ಟೀಯ, ಜೋಕೆ!" ಎಂದ ವೆಲ್ಡರ್‌ನ ಅಣ್ಣ, ತಮ್ಮನ ಹೆಂಡತಿಗೆ. ಅಪ್ಪ ಹೋದಮೇಲೆ ಮನೆಯಲ್ಲಿ ಅವನದೇ ಮಾತು. "ಕಣ್ಣಿನ ಡಾಕ್ಟರ ಹತ್ರ ಹೋಗ್ತಿದ್ದಾನೆ ಅನ್ನೋಣ. ವೆಲ್ಡಿಂಗ್ ಮಾಡೋನಿಗೆ ಕಣ್ಣುರಿ ಅಂದ್ರೆ ಯಾರು ನಂಬಲ್ಲ ಹೇಳು?"

ಎಲ್ಲರೂ ನಂಬಿದರು. ಎಡವಟ್ಟಾದದ್ದೇ ಅಲ್ಲಿ.

ಕೆಲವು ವಾರ ಕಳೆಯುವಷ್ಟರಲ್ಲಿ ಔಷಧ ನಾಟಿತ್ತು, ನಿದ್ದೆ ಮರಳಿತ್ತು. ಕೆಲಸಕ್ಕೆ ಹೋಗಬಹುದು ಎಂದು ವೈದ್ಯರೂ ಹೇಳಿದ್ದರು. ವರ್ಕ್‌ಶಾಪಿಗೆ ಹೋದರೆ ಮೇಸ್ತ್ರಿ ವೆಲ್ಡಿಂಗ್ ಮುಟ್ಟಲು ಬಿಡಲಿಲ್ಲ. "ಕಣ್ಣು ಸರಿಯಿಲ್ಲದೋನ ಕೈಗೆ ಬೆಂಕಿ ಕೊಟ್ಟು ಪಾಪ ಕಟ್ಕೊಳ್ಳಲ್ಲಪ್ಪ ನಾನು. ಗೇಟಿನ ಹತ್ರ ಕೂತ್ಕೋ. ನಿನ್ನ ಜಾಗಕ್ಕೆ ಬೇರೆಯವನನ್ನ ನೋಡ್ತಿದ್ದೀನಿ." ಗೆಳೆಯರು ಕನಿಕರದಿಂದ ಕೈಹಿಡಿದು ಮೆಟ್ಟಿಲಿಳಿಸಿದರು. ಒಬ್ಬ ಪುಣ್ಯಾತ್ಮನಂತೂ ಎರಡು ಬೆರಳೆತ್ತಿ, "ಎಷ್ಟು ಹೇಳು ನೋಡೋಣ?" ಎಂದ.

ಅಣ್ಣ ಹೊಸ ಉಪಾಯ ಹೇಳಿದ: "ಮಾತ್ರೆ ಬಿಟ್ಟುಬಿಡು. ಕಣ್ಣು ವಾಸಿಯಾಯ್ತು, ಆಸ್ಪತ್ರೆಗೆ ಹೋಗೋದೂ ನಿಂತಿತು ಅಂದ್ರೆ ಮುಗೀತು."

ಎದುರುಮನೆಯ ನರ್ಸಕ್ಕ ಆಗತಾನೆ ಬಂದು ಕುಳಿತಿದ್ದಳು; ಮಾತ್ರೆ ನೋಡಿ ಅವಳಿಗೆ ಗುಟ್ಟು ಮೊದಲೇ ತಿಳಿದಿತ್ತು. "ಡಾಕ್ಟರನ್ನ ಕೇಳದೆ ಬಿಟ್ರೆ ಕಾಯಿಲೆ ಮರಳಬಹುದು. ನಿಮ್ಮ ಬಿಪಿ ಮಾತ್ರೆ ಹೀಗೇ ಬಿಡ್ತೀರಾ, ಅಣ್ಣಾ?"

"ಬಿಪಿ ಬೇರೆ ಬಿಡಮ್ಮ, ಅದು ಮರ್ಯಾದಸ್ಥರ ಕಾಯಿಲೆ!"

"ಕಾಯಿಲೆಗೆ ಮರ್ಯಾದೆ ಕೊಡ್ತೀರಿ, ತಮ್ಮನಿಗೆ ಕೊಡಲ್ವಾ?"

"ಗಂಡಸು ಅಂದ್ಮೇಲೆ ಗಟ್ಟಿಯಾಗಿರ್ಬೇಕು..."

"ಗಟ್ಟಿಯಾಗಿರ್ಬೇಕು ಅಂತಾನೇ ಇಷ್ಟು ದಿನ ಒಳಗೊಳಗೇ ನುಂಗಿದ್ದು, ಭಾವ," ಎಂದಳು ವೆಲ್ಡರ್‌ನ ಹೆಂಡತಿ.

ವೆಲ್ಡರ್‌ಗೆ ಮೈಯೆಲ್ಲ ಸಿಟ್ಟೇರಿತು. ನಾನು ಮಾಡದ ತಪ್ಪಿಗೆ ನಾನೇ ಅವಿತು ಕೂತಿದ್ದೇನಲ್ಲ! ಮರುದಿನ ವರ್ಕ್‌ಶಾಪಿನ ನಡುವೆ ನಿಂತು ಗ್ರೈಂಡರ್ ಆರಿಸಿದ.

"ನನ್ನ ಕಣ್ಣಿಗೆ ಏನೂ ಆಗಿಲ್ಲ. ನಾವು ಸುಳ್ಳು ಹೇಳಿದ್ವಿ. ನನಗಿರೋದು ಖಿನ್ನತೆ. ಮನೋವೈದ್ಯರ ಹತ್ರ ಹೋಗ್ತೀನಿ, ಮಾತ್ರೆ ತಗೋತೀನಿ, ಮುಂದೂ ತಗೋತೀನಿ. ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನನಗೆ ಕೆಲಸ ಇದೆ."

ಮೂಲೆಯಿಂದ ಒಬ್ಬ ನಕ್ಕ. "ಹುಚ್ಚು ಅನ್ನು ಹಾಗಾದ್ರೆ!"

"ಏನಾದ್ರೂ ಅಂದ್ಕೋ. ನಾನು ಹಾಕಿದ ಬೆಸುಗೆ ಬಿಡಿಸಿ ತೋರಿಸು."

ಎರಡು ಕಬ್ಬಿಣದ ಪಟ್ಟಿ ಕೂಡಿಸಿ ಬೆಸೆದ. ಆರಿದ ಮೇಲೆ ಮೇಸ್ತ್ರಿ ಸುತ್ತಿಗೆಯಿಂದ ಕುಟ್ಟಿದ. ಬೆಸುಗೆ ಬಿಡಲಿಲ್ಲ.

"ಡಾಕ್ಟರು ಈ ಕೆಲಸಕ್ಕೆ ಒಪ್ಪಿದ್ದಾರೇನೋ?"

"ಒಪ್ಪಿದ್ದಾರೆ. ಬೇಕಾದ್ರೆ ಬನ್ನಿ, ನೀವೇ ಕೇಳಿ."

ಮೇಸ್ತ್ರಿ ನಕ್ಕವನ ಕಡೆ ತಿರುಗಿ, "ಗೇಟಿನ ಹತ್ರ ಜಾಗ ಖಾಲಿಯಾಯ್ತು, ಹೋಗ್ತೀಯಾ?" ಎಂದ.

ಸುದ್ದಿ ವೆಲ್ಡರ್‌ಗಿಂತ ಮೊದಲೇ ಮನೆ ಮುಟ್ಟಿತ್ತು. ಅಣ್ಣನ ಮುಖ ಹರಳೆಣ್ಣೆ ಕುಡಿದಂತಾಗಿತ್ತು. "ನಿಮ್ಮ ಸುಳ್ಳು ಕಿತ್ಕೊಂಡಿದ್ದನ್ನ ಅವರ ನಿಜ ವಾಪಸ್ ತಂತು, ಭಾವ," ಎಂದಳು ಹೆಂಡತಿ. ಮುಂದಿನ ಸಲ ತಮ್ಮ ಆಸ್ಪತ್ರೆಗೆ ಹೊರಟಾಗ ಅಣ್ಣ ತಾನೂ ಚಪ್ಪಲಿ ಮೆಟ್ಟಿದ.

ಬೀದಿ ಕೊನೆಯ ಕ್ಷೌರಿಕ ಕತ್ತಿ ಹಿಡಿದೇ ಕೂಗಿದ: "ತಮ್ಮನ ಕಣ್ಣು ಹೇಗಿದೆ ಯಜಮಾನ್ರೇ?"

ಅಣ್ಣ ನಡುಬೀದಿಯಲ್ಲೇ ನಿಂತ. "ಕಣ್ಣಲ್ಲ ಕಣಪ್ಪಾ, ಮನಸ್ಸು. ಮನೋವೈದ್ಯರ ಹತ್ರ ಹೊರಟಿದ್ದೀವಿ," ಎಂದ, ಇಡೀ ಬೀದಿಗೆ ಕೇಳುವಂತೆ. "ಬಾಯಿ ತೆಕ್ಕೊಂಡು ನನ್ನನ್ನ ನೋಡ್ಬೇಡ, ಕೂತಿರೋನ ಕಿವಿ ಕುಯ್ದೀಯ!"

ಓದುತ್ತಿರುವ ಅಣ್ಣಂದಿರೇ, ತಮ್ಮಂದಿರೇ, ಅಪ್ಪಂದಿರೇ, ವಾರಗಟ್ಟಲೆ ನಿದ್ದೆ ಕೆಟ್ಟಿದೆಯೇ? ಯಾವುದರಲ್ಲೂ ಮನಸ್ಸಿಲ್ಲವೇ? ಸುಮ್ಮಸುಮ್ಮನೆ ಸಿಟ್ಟು ಬರುತ್ತಿದೆಯೇ? ಹತ್ತಿರದ ಆಸ್ಪತ್ರೆಗೆ ಹೋಗಿ. ಸಾಯಬೇಕು ಅನ್ನಿಸಿದರೆ ನಾಳೆಗೆ ತಳ್ಳಬೇಡಿ, ಈಗಲೇ ಯಾರಿಗಾದರೂ ಹೇಳಿ. ಹಾಗೆ ಹೇಳಿದವರನ್ನು ಒಂಟಿಯಾಗಿ ಬಿಡಬೇಡಿ, ಜೊತೆಗೆ ನಡೆಯಿರಿ. ಎಲ್ಲಿಗೆ ಹೊರಟಿರಿ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ, ಗಟ್ಟಿಯಾಗಿ ಹೇಳಿ.