ಗೊಗ್ಗರಯ್ಯನ ದನಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ, ಮತ್ತೊಬ್ಬರ ದನಿ ಬಲ್ಲವನಿಗೆ ನಿದ್ದೆಯಿಲ್ಲ. ಮೂರನೆಯದು ನನ್ನ ಸೇರ್ಪಡೆ. ಅದರ ಹಿಂದಿನ ಕಥೆ ಮಾತ್ರ ಅಪ್ಪಟ ನಿಜ.

ಹೋಟೆಲುಗಳ ಹಾಸುಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ನಾನು ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದೆ. ಅಕ್ಕನ ಗಂಡ, ನನ್ನ ಭಾವ, ಇಸ್ತ್ರಿ ಕೋಣೆಯಲ್ಲಿ ಒಬ್ಬರೇ ಹಬೆಯಂತ್ರ ನಡೆಸುತ್ತಿದ್ದರು. ಧೂಳು ಬರಬಾರದೆಂದು ಆ ಬಾಗಿಲು ಮುಚ್ಚಿಯೇ ಇರಬೇಕು. ಮೇಲ್ವಿಚಾರಕ ಆಫೀಸಿನ ಮೈಕಿನಲ್ಲಿ ವಿರಾಮ ಕೂಗುವ ತನಕ ಹೊರಬರುವಂತಿಲ್ಲ. ಅವನ ಗಂಟಲಲ್ಲಿ ಜಲ್ಲಿಕಲ್ಲು ಉರುಳುತ್ತಿತ್ತು, ಹಾಗಾಗಿ ನಾವಿಟ್ಟ ಹೆಸರು ಗೊಗ್ಗರಯ್ಯ. ಬೇಕೆಂದಾಗ ಆ ಜಲ್ಲಿ ನನ್ನ ಗಂಟಲಲ್ಲೂ ಉರುಳುತ್ತಿತ್ತು.

“ನಿನ್ನ ಮಿಮಿಕ್ರಿಗೆ ನಾನು ಮರುಳಾಗಲ್ಲ, ಹೋಗೋ” ಎಂದು ಭಾವ ಊಟಕ್ಕೆ ಕೂತಾಗ ಚುಚ್ಚಿದ್ದರು. ಮರುದಿನ ಉರಿಬಿಸಿಲು. ವಿರಾಮ ಕೂಗುವ ಕೆಲಸ ನನಗೊಪ್ಪಿಸಿ ಗೊಗ್ಗರಯ್ಯ ಹೊರಗೆ ಹೋಗಿದ್ದ. ಮೈಕು ಹಿಡಿದೆ.

“ಏನ್ರೀ ಇಸ್ತ್ರಿಯವ್ರೇ! ಇವತ್ತು ವಿರಾಮಗಿರಾಮ ಇಲ್ಲ. ಇನ್ನೂರು ಮುಗಿಸದೆ ಬಾಗಿಲು ಮುಟ್ಟಿದ್ರೆ ನೋಡಿ!”

ಹತ್ತು ನಿಮಿಷ ಸತಾಯಿಸಿ ಗುಟ್ಟು ಬಿಟ್ಟುಕೊಡೋಣವೆಂದಿದ್ದೆ. ಅಷ್ಟರಲ್ಲಿ ಗೊಗ್ಗರಯ್ಯ ಬಂದ.

“ವಿರಾಮ ಕೂಗಿದ್ಯೇನೋ?”

“ಕೂಗಿದೆ ಸಾರ್.”

“ಹಾಗಾದ್ರೆ ಹೋಗಿ ಲಾರಿ ಇಳಿಸು.”

ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತಿತ್ತು. ಬಿಡಲಿಲ್ಲ. ಲಾರಿ ಖಾಲಿಯಾಗಲು ಒಂದೂವರೆ ಗಂಟೆ ಹಿಡಿಯಿತು.

ಬಾಗಿಲು ತೆರೆದಾಗ ಭಾವ ಒಂದೇ ಹಾಸುಬಟ್ಟೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸುತ್ತಿದ್ದರು. ಮುಖ ಕೆಂಡ. ಅಂಗಿಯ ಮೇಲೆ ಬೆವರು ಒಣಗಿ ಉಪ್ಪಿನ ಗೆರೆಗಳು. “ಎಷ್ಟು ಚಳಿ ನೋಡೋ” ಎಂದು ಕಿಸಕ್ಕನೆ ನಕ್ಕರು.

“ಭಾವ, ನಾಟಕ ಸಾಕು.”

ಅವರು ಕುಸಿದರು. ಹಿಡಿಯಲು ಹೋದ ನನ್ನ ಕೈ ಕಾದ ಹೆಂಚು ಮುಟ್ಟಿದಂತೆ ಹಿಂದೆ ಬಂತು.

ಗೊಗ್ಗರಯ್ಯ ಆಂಬುಲೆನ್ಸಿಗೆ ಫೋನು ಮಾಡಿ, “ಜ್ವರ ಕಣೋ, ಹೊದಿಸು, ಬೆವರಲಿ” ಎಂದ. ಅವರೇ ಇಸ್ತ್ರಿ ಮಾಡಿದ ಬಿಸಿ ಹಾಸುಬಟ್ಟೆಯನ್ನು ಅವರಿಗೇ ಹೊದಿಸಿದೆ.

ಬಂದ ನರ್ಸಮ್ಮ ಅದನ್ನು ಕಿತ್ತೆಸೆದರು. “ಯಾವ ಪುಣ್ಯಾತ್ಮ ಹೊದಿಸಿದ್ದು? ಇದು ಜ್ವರ ಅಲ್ಲ, ಸೆಕೆಗೆ ಮೈಯೇ ಕಾದಿದೆ. ಮಾತ್ರೆಗೆಲ್ಲ ಬಗ್ಗಲ್ಲ.” ಥರ್ಮಾಮೀಟರು ನಲವತ್ತೆರಡು ಡಿಗ್ರಿ ಸೆಲ್ಸಿಯಸ್ ತೋರಿಸಿತು.

“ಬೇಗ ಆಸ್ಪತ್ರೆಗೆ ಕರ್ಕೊಂಡ್ಹೋಗಿ ಅಮ್ಮಾ!”

“ಮೊದ್ಲು ತಣಿಸ್ಬೇಕು, ಆಮೇಲೆ ಸಾಗಿಸ್ಬೇಕು. ದಾರೀಲಿ ಮಿದುಳು ಬೆಂದ್ಹೋಗತ್ತೆ. ನೀರೆಲ್ಲಿದೆ?”

ಬಟ್ಟೆ ಜಾಲಾಡುವ ತೊಟ್ಟಿಯಲ್ಲಿ ಭಾವನನ್ನು ಕುತ್ತಿಗೆಯವರೆಗೆ ಮುಳುಗಿಸಿದೆವು. ಪಕ್ಕದ ಜ್ಯೂಸಿನಂಗಡಿಯ ಐಸನ್ನೆಲ್ಲ ಸುರಿದೆವು. ಅವರ ಗಲ್ಲ ನನ್ನ ಅಂಗೈಯಲ್ಲಿತ್ತು. ನಲವತ್ತೊಂದು. ನಲವತ್ತು. “ಎಷ್ಟು ಹೊತ್ತಿಂದ ಒಳಗಿದ್ರು?” ಎಂದು ನರ್ಸಮ್ಮ ಕೇಳಿದರು. ಎಲ್ಲರ ದನಿ ಬರುವ ನನಗೆ ಆಗ ನನ್ನ ದನಿ ಬರಲಿಲ್ಲ. ಮೂವತ್ತೊಂಬತ್ತಕ್ಕೆ ಎತ್ತಿ ಸಾಗಿಸಿದರು.

ಜೀವ ಉಳಿಯಿತು. ತಿಂಗಳ ಮೇಲೆ ಮನೆಗೆ ಬಂದವರು ಕುಡಿದವರಂತೆ ತೂರಾಡುತ್ತಿದ್ದರು. ಮಾತು ತೊದಲುತ್ತಿತ್ತು, ಚಮಚ ಬಾಯಿ ತಪ್ಪಿ ಕೆನ್ನೆಗೆ ಹೋಗುತ್ತಿತ್ತು. ಮೈಯ ಹಿಡಿತ ಕಾಯುವ ಮಿದುಳಿನ ಭಾಗ ಸುಟ್ಟಿದೆ, ಪೂರ್ತಿ ಸರಿಹೋಗುವ ನಂಬಿಕೆಯಿಲ್ಲ ಎಂದಿದ್ದರು ಡಾಕ್ಟರು.

ಅಕ್ಕ, ಭಾವ ಇಬ್ಬರ ಮುಂದೆ ಎಲ್ಲ ಒಪ್ಪಿಕೊಂಡೆ. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ಗಂಜಿ ಕುಡಿಯುತ್ತಿದ್ದ ಭಾವ ಚಮಚ ಎತ್ತಿ ನನ್ನತ್ತ ತೋರಿಸಿದರು.

“ನೀ... ನೀನಾ? ಗೊತ್ತೇ ಆಗ್ಲಿಲ್ವಲ್ಲೋ! ಇನ್ನೊಂದ್ಸಲ... ಹೇಳೋ.”

“ಬೇಡ ಭಾವ.”

“ಹೇಳೋ!”

ಜಲ್ಲಿ ಉರುಳಿಸಿದೆ. “ಇಸ್ತ್ರಿಯವ್ರೇ, ವಿರಾಮ!”

ಭಾವ ಚಮಚ ಕೆಳಗಿಟ್ಟರು. ವಿರಾಮ ಸಿಕ್ಕವರಂತೆ ಗಹಗಹಿಸುತ್ತ ಎದ್ದು ಬಾಗಿಲ ಕಡೆಗೆ ಎರಡು ಹೆಜ್ಜೆ ತೂರಾಡಿದರು. ನಾನೂ ಹೆದರಿಕೆಯಲ್ಲೇ ನಕ್ಕೆ. ಅವರ ನಗುವಿನಲ್ಲಿ ನನ್ನದು ಕೇಳಿಸಲೂ ಇಲ್ಲ. ಅಕ್ಕ ಹಿಡಿಯಲು ಓಡಿದಳು. ಅಷ್ಟರಲ್ಲಿ ಅವರು ಬಿದ್ದಿದ್ದರು, ಬಿದ್ದಲ್ಲೇ ನಗುತ್ತಿದ್ದರು.